ಬಾಣಂತಿ ಕೋಣೆಯ ಪಟ

ಸಂಕ್ರಾಂತಿ ಕಳೆದ ಮೇಲೆ ತೂಬಗೆರೆಯ ಕಾಂತರಾಜುವಿನ ಮನೆಯಲ್ಲಿ ಉಗ್ರಾಣದ ಬಾಗಿಲಿನ ವಿಷಯಕ್ಕೆ ದಿನಾ ಮಾತಿಗೆ ಮಾತು ಬೆಳೆಯತೊಡಗಿತು. ಉಗ್ರಾಣವೆಂದರೆ ಅಡುಗೆಮನೆಗೆ ಅಂಟಿಕೊಂಡ, ಕಿಟಕಿಯಿಲ್ಲದ ಸಣ್ಣ ಕೋಣೆ. ರಾಗಿ ಹಿಟ್ಟು, ಬೇಳೆ, ಎಣ್ಣೆ ಡಬ್ಬ ಎಲ್ಲ ಅಲ್ಲೇ. ಕಾಂತರಾಜುವಿನ ತಾಯಿ ಅಂಜಿನಮ್ಮ ಬೆಳಗಿನ ಕಾಫಿ ಕುಡಿದವಳೇ ಅದರೊಳಗೆ ಹೋಗಿ, ಚಿಲಕ ಹಾಕಿಕೊಂಡು, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿಬಿಡುತ್ತಿದ್ದಳು. ಸೊಸೆ ಗಂಗರತ್ನ ಒಲೆಯ ಮೇಲೆ ಎಸರಿಟ್ಟುಕೊಂಡು ಹೊರಗೆ ಹಿಟ್ಟಿಗಾಗಿ ಕಾಯುತ್ತಿದ್ದಳು.

“ಅತ್ತೆ, ಎಸರು ಕುದ್ದು ಬತ್ತೋಗ್ತಿದೆ. ಹಿಟ್ಟು ಕೊಟ್ಟು ಆಮೇಲೆ ಅದೇನ್ ಸುತ್ಕೋತೀರೋ ಸುತ್ಕೊಳ್ಳಿ.”

“ಈಗ ಬಾಗಿಲು ತೆಗೆದ್ರೆ ಫಿಲ್ಮೆಲ್ಲಾ ಹಾಳಾಗ್ತದೆ ಕಣೇ. ಇನ್ನೊಂಚೂರು ತಡ್ಕೊ.”

“ಮೊಮ್ಮಗಳು ಹೇಳಿದ್ರೆ ಕತ್ತಲಲ್ಲೂ ಕೆಲಸ ಮಾಡ್ತೀರಿ. ನಾನು ಅವರೆಕಾಯಿ ಸುಲ್ಕೊಡಿ ಅಂದ್ರೆ ನಿಮಗೆ ಕಣ್ಣು ಕಾಣಲ್ಲ.”

ಒಳಗಿನಿಂದ ಕಾಗದ ಸರಿದಾಡುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

ಮೊಮ್ಮಗಳೆಂದರೆ ಕೀರ್ತನ, ಕಾಂತರಾಜುವಿನ ಒಬ್ಬಳೇ ಮಗಳು. ಬೆಂಗಳೂರಿನ ಕಾಲೇಜೊಂದರಲ್ಲಿ ಫೋಟೋಗ್ರಫಿ ಓದುತ್ತ ಪಿಜಿಯಲ್ಲಿದ್ದಳು. ದೀಪಾವಳಿಗೆಂದು ಊರಿಗೆ ಬಂದವಳು ಅಟ್ಟ ಗುಡಿಸುವಾಗ ತಾತನ ಟ್ರಂಕು ಇಳಿಸಿದ್ದಳು. ತಾತ ಆದಿನಾರಾಯಣಪ್ಪ ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿದ್ದವನು. ಅವನು ತೀರಿಕೊಂಡ ಮೇಲೆ ಕಾಂತರಾಜು ಅದೇ ಮಳಿಗೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಮೆಷಿನ್ ಹಾಕಿಕೊಂಡಿದ್ದ. ಟ್ರಂಕಿನಲ್ಲಿ ತೆಳ್ಳನೆಯ ಕಾಗದದಲ್ಲಿ ಸುತ್ತಿದ ನೆಗೆಟಿವ್‌ಗಳ ಕಂತೆ, ಜೊತೆಗೆ ತಗಡಿನ ಒಂದು ಕಪ್ಪು ಬಾಕ್ಸ್ ಕ್ಯಾಮರಾ ಇತ್ತು. ಕೀರ್ತನ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಹಾಕುವ ಸಿಕ್ಸ್ ಟ್ವೆಂಟಿ ಫಿಲ್ಮು ಈಗ ಎಲ್ಲೂ ತಯಾರಾಗುವುದಿಲ್ಲ, ಇದು ಶೋಕೇಸಿಗೆ ಅಷ್ಟೇ ಎಂದಳು.

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಂಜಿನಮ್ಮ ತಲೆಯೆತ್ತಲಿಲ್ಲ. “ನಮ್ಮ ಕಡೆ ಆ ಫಿಲ್ಮು ಬರೋದು ನಿಂತ್ಮೇಲೇ ನಾನು ಅದ್ರಲ್ಲಿ ಪಟ ತೆಗೆಯೋಕೆ ಶುರು ಮಾಡಿದ್ದು” ಎಂದಳು.

ಕೀರ್ತನ ಪೊರಕೆ ಬಿಟ್ಟು ಅಜ್ಜಿಯ ಪಕ್ಕ ಬಂದು ಕೂತಳು. ಅಂಜಿನಮ್ಮ ಹೇಳಿದ ಕತೆ ಇಷ್ಟು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಈ ಡಬ್ಬಿ ಕ್ಯಾಮರಾದ ಫಿಲ್ಮು ಅಂಗಡಿಗಳಲ್ಲಿ ಸಿಗದಂತಾಯಿತು. ಗಂಡ ಮೇಲೊಂದು ಕೆಳಗೊಂದು ಲೆನ್ಸಿರುವ, ಎರಡು ಕಣ್ಣಿನ ಹೊಸ ಕ್ಯಾಮರಾ ತಂದು ಡಬ್ಬಿಯನ್ನು ಅಟ್ಟಕ್ಕೆಸೆದ. ಹೊಸದರ ಫಿಲ್ಮಿನ ಅಗಲವೂ ಹಳೆಯದರಷ್ಟೇ ಎಂಬುದನ್ನು ಅಂಜಿನಮ್ಮ ನೋಡಿದ್ದಳು. ಸುತ್ತಿರುವ ಉರುಳೆ ಮಾತ್ರ ದಪ್ಪ, ಹಾಗಾಗಿ ಡಬ್ಬಿಯೊಳಗೆ ಕೂರುತ್ತಿರಲಿಲ್ಲ. ಒಂದು ದಿನ ಉಗ್ರಾಣದ ಕತ್ತಲಲ್ಲಿ ಕೂತು, ಹೊಸ ಫಿಲ್ಮನ್ನು ಬಿಚ್ಚಿ ಹಳೆಯ ತೆಳು ಉರುಳೆಗೆ ಸುತ್ತಿದಳು. ಒಂದು ಸಲ ಸುತ್ತಿದರೆ ಫಿಲ್ಮಿನ ಬಾಲ ಮುಂದಾಗುತ್ತದೆ, ತಲೆ ಮುಂದೆ ಬರಲು ಇನ್ನೊಂದು ಸಲ ಸುತ್ತಬೇಕು. ಬೆನ್ನಿಗಿರುವ ಕಾಗದಕ್ಕೆ ಅಂಟಿಸಿದ ಜಾಗದಲ್ಲಿ ಫಿಲ್ಮು ಉಬ್ಬಿಕೊಳ್ಳುತ್ತದೆ, ಅದನ್ನು ಉಗುರಿನಿಂದ ಬಿಡಿಸಿ ಸರಿಯಾಗಿ ಅಂಟಿಸಬೇಕು. ಎಲ್ಲ ಕೈಯ ಅಂದಾಜಿನಲ್ಲೇ. ಮೊದಲನೆಯದು ಹಾಳಾಗಿ ಗಂಡನ ಕೈಲಿ ಬೈಸಿಕೊಂಡಳು. ಎರಡನೆಯದು ಸರಿ ಬಂತು.

ಆಗ ಹೆಂಗಸರು ಸ್ಟುಡಿಯೋ ಮೆಟ್ಟಿಲು ಹತ್ತುತ್ತಿರಲಿಲ್ಲ. ಗಂಡಿನ ಕಡೆಗೆ ಕಳಿಸಲು ಹುಡುಗಿಯ ಪಟ, ಹಾಸಿಗೆ ಹಿಡಿದ ಮುದುಕಿಯ ಪಟ ಬೇಕಾದವರು ಅಂಜಿನಮ್ಮನನ್ನು ಕರೆಸುತ್ತಿದ್ದರು. ಅವಳು ಬಟ್ಟೆ ಚೀಲದಲ್ಲಿ ಡಬ್ಬಿ ಹಾಕಿಕೊಂಡು ದೂರದ ಸಾಸಲು ಊರಿನವರೆಗೂ ನಡೆದು ಹೋದದ್ದುಂಟು. ಗಂಡ ಫಿಲ್ಮು ತೊಳೆದು, ಪ್ರಿಂಟು ಹಾಕಿ, ಹಿಂದೆ ತನ್ನ ಹೆಸರಿನ ಸೀಲು ಒತ್ತುತ್ತಿದ್ದ. ಅವನು ಕೆಟ್ಟವನಲ್ಲ. ಸೀಲು ಇದ್ದದ್ದು ಒಂದೇ, ಅದನ್ನು ಒತ್ತುತ್ತಿದ್ದ, ಅಷ್ಟೇ. ಅವನ ಕ್ಯಾಮರಾದ ನೆಗೆಟಿವ್ ಚೌಕ, ಇವಳ ಡಬ್ಬಿಯದು ಉದ್ದ. ಕಂತೆ ಬಿಚ್ಚಿ ಹರಡಿದಾಗ ಅರ್ಧಕ್ಕೂ ಹೆಚ್ಚು ಉದ್ದನೆಯವೇ ಇದ್ದವು.

ಅಲ್ಲಿಂದ ಕೀರ್ತನಳಿಗೆ ಹುಚ್ಚು ಹಿಡಿದಂತಾಯಿತು. ಹಳೆಯ ನೆಗೆಟಿವ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದಳು. ಡಬ್ಬಿಯಲ್ಲಿ ತಾನೂ ಪಟ ತೆಗೆದಳು. ಬೆಂಗಳೂರಿನ ಒಂದು ಕಲಾಸಂಸ್ಥೆಯವರು ನೋಡಿ, ಹಳೆಯವನ್ನೂ ಹೊಸವನ್ನೂ ಸೇರಿಸಿ ಪ್ರದರ್ಶನ ಮಾಡೋಣ ಎಂದರು. ಫಿಲ್ಮು ಸುತ್ತುವುದು ಮಾತ್ರ ಅವಳ ಕೈಗೆ ಹತ್ತಲಿಲ್ಲ. ಅಂಟಿಸಿದ ಜಾಗ ಉಬ್ಬಿಕೊಂಡು ಕ್ಯಾಮರಾದೊಳಗೆ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಶನಿವಾರ ಶನಿವಾರ ಹೊಸ ಫಿಲ್ಮು ತಂದು ಅಜ್ಜಿಯ ಮಡಿಲಿಗೆ ಹಾಕಿ, ಸುತ್ತಿಟ್ಟದ್ದನ್ನು ಒಯ್ಯುತ್ತಿದ್ದಳು.

“ಅಜ್ಜಿ, ಉದ್ದನೇವೆಲ್ಲಾ ನಿನ್ನ ಹೆಸರಲ್ಲೇ ಹಾಕ್ತೀನಿ, ನೋಡ್ತಿರು” ಎಂದು ಕೀರ್ತನ ಹೇಳಿದ್ದಳು. ಆ ವಾರ ಅಂಜಿನಮ್ಮ ಹೊಸ ಸೀರೆಗೆ ಫಾಲ್ ಹೊಲಿಸಿಕೊಂಡು ಬಂದಳು.

ಒಂದು ಭಾನುವಾರ ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ. ಎಲ್ಲರೂ ಊಟಕ್ಕೆ ಕೂತಾಗ ಕೀರ್ತನ ಫೋನಿನಲ್ಲಿ ಆಹ್ವಾನ ಪತ್ರಿಕೆ ತೋರಿಸಿದಳು. ಆದಿನಾರಾಯಣಪ್ಪ ಮತ್ತು ಅಂಜಿನಮ್ಮ ತೆಗೆದ ಹಳೆಯ ಛಾಯಾಚಿತ್ರಗಳು, ಜೊತೆಗೆ ಕೀರ್ತನಳ ಹೊಸವು ಎಂದು ಅದರಲ್ಲಿತ್ತು. ಮುದ್ದೆ ಮುರಿಯುತ್ತಿದ್ದ ಕಾಂತರಾಜು ಕೈ ನಿಲ್ಲಿಸಿದ.

“ಇದ್ರಲ್ಲಿ ಅಜ್ಜಿ ಹೆಸರು ಯಾಕೆ?”

“ಅಜ್ಜೀನೇ ತೆಗೆದಿರೋದಪ್ಪ. ಚೌಕದ್ದು ತಾತಂದು, ಉದ್ದಂದು ಅಜ್ಜೀದು.”

“ಪಟದ ಹಿಂದೆ ಯಾರ ಸೀಲಿದೆ?”

“ಸೀಲು ತಾತಂದೇ. ಆದ್ರೆ...”

“ಅಷ್ಟೇ ಮತ್ತೆ. ಅಂಗಡಿ ಅಪ್ಪಂದು, ಫಿಲ್ಮು ಅಪ್ಪಂದು, ತೊಳೆದಿದ್ದು ಅಪ್ಪ. ಅಮ್ಮ ಯಾವಾಗ್ಲೋ ಒಂದ್ಸಲ ಗುಂಡಿ ಒತ್ತಿರಬಹುದು.”

“ಅದಕ್ಕೆ ಗುಂಡಿ ಇಲ್ಲ ಕಾಂತ” ಎಂದಳು ಅಂಜಿನಮ್ಮ. “ಪಕ್ಕದಲ್ಲಿ ಒಂದು ಕಡ್ಡಿ ಇರ್ತದೆ. ಕೆಳಕ್ಕೆ ಎಳೀಬೇಕು.”

ಕಾಂತರಾಜುವಿನ ಲೆಕ್ಕಾಚಾರವೇ ಬೇರೆಯಿತ್ತು. ಯುಗಾದಿಯ ಹೊತ್ತಿಗೆ ತಾಲ್ಲೂಕಿನ ಛಾಯಾಗ್ರಾಹಕರ ಸಂಘದವರು ಅವನ ಅಪ್ಪನಿಗೆ ಮರಣೋತ್ತರ ಸನ್ಮಾನ ಮಾಡುವುದೆಂದು ಅಧ್ಯಕ್ಷ ಸಂಜೀವಪ್ಪನವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಮುಂದಿನ ಕಮಿಟಿಯಲ್ಲಿ ಕಾಂತರಾಜುವಿಗೂ ಒಂದು ಜಾಗ ಸಿಗುವ ಸೂಚನೆಯಿತ್ತು. ಇದನ್ನೆಲ್ಲ ಅವನು ಸಾರು ಸುರಿದುಕೊಳ್ಳುತ್ತ ಹೇಳಿದ. ಕೊನೆಗೆ ತಾಯಿಯ ಕಡೆ ತಿರುಗಿ ಹೇಳಿದ: “ನಮ್ಮಪ್ಪ ಹೆಂಡ್ತೀನ ಮನೆ ಮನೆಗೆ ಅಲೆಸಿ ದುಡಿಸ್ಕೊಂಡ ಅಂತ ನಾಳೆ ನಾಲ್ಕು ಜನ ಆಡ್ಕೊಳ್ಳೋದು ನಂಗೆ ಬೇಡ.”

“ಕಳಿಸ್ತಿದ್ದಿದ್ದು ನಿಜ ತಾನೆ.”

“ನಿಜ ಅಂತ ಬೀದೀಲಿ ನಿಂತು ಹೇಳ್ಕೋಬೇಕಾ?”

ಆಮೇಲೆ ಮಗಳಿಗೂ ಹೇಳಿದ. ಪ್ರಿಂಟು, ಫ್ರೇಮು ಎಲ್ಲ ಅವನ ಅಂಗಡಿಯಿಂದ ಹೋಗಬೇಕಾದದ್ದು. ಅಜ್ಜಿಯ ಹೆಸರು ಹಾಕುವುದಾದರೆ ಫ್ರೇಮನ್ನೂ ಅಜ್ಜಿಯೇ ಕೊಡಿಸಲಿ, ಬೆಂಗಳೂರಿನ ಓದನ್ನೂ ಅವಳೇ ಓದಿಸಲಿ ಎಂದ. ಕೀರ್ತನ ತಟ್ಟೆ ನೋಡುತ್ತ ಕೂತಳು. ಅವಳು ಒಂದು ಮಾತಾಡುತ್ತಾಳೆಂದು ಅಂಜಿನಮ್ಮ ಕಾದಳು. ಕೀರ್ತನ ಎದ್ದು ಕೈ ತೊಳೆದಳು.

ಪಾತ್ರೆ ತೊಳೆಯುವಾಗ ಗಂಗರತ್ನ ಅತ್ತೆಯ ಮುಖ ನೋಡಿ, “ಹೋಗ್ಲಿ ಬಿಡಿ ಅತ್ತೆ” ಎಂದಳು. “ನಾನು ಈ ಮನೇಲಿ ಇಪ್ಪತ್ತೆರಡು ವರ್ಷದಿಂದ ಸಾರು ಮಾಡ್ತಿದೀನಿ. ಉಂಡೋರು ಕಾಂತರಾಜು ಮನೆ ಸಾರು ಚೆನ್ನಾಗಿರ್ತದೆ ಅಂತಾರೆ. ಗಂಗರತ್ನನ ಸಾರು ಅಂದೋರು ಯಾರಿದಾರೆ?”

“ಹಂಗಾದ್ರೆ ನಿಂಗೂ ಬೇಜಾರಿದೆ.”

“ಬೇಜಾರು ಮಾಡ್ಕೊಂಡು ಕೂತ್ರೆ ಈ ಪಾತ್ರೆ ತೊಳೆಯೋರ್ಯಾರು?”

ಹಳೆಯ ಪಟಗಳಿಗೆಲ್ಲ ತಾತನ ಹೆಸರೊಂದನ್ನೇ ಹಾಕಿ ಆಹ್ವಾನ ಪತ್ರಿಕೆ ಅಚ್ಚಾಯಿತು. ಮುಂದಿನ ಶನಿವಾರ ಕೀರ್ತನ ಬಂದವಳು ಅಜ್ಜಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅಪ್ಪಿಕೊಂಡು ಅತ್ತಳು. ಪತ್ರಿಕೆಯಲ್ಲಿ ಬರದಿದ್ದರೇನು, ಅಲ್ಲಿ ಪ್ರತಿ ಪಟದ ಕೆಳಗೂ ಸಣ್ಣ ಚೀಟಿ ಅಂಟಿಸುತ್ತಾರೆ, ಅದರಲ್ಲಿ ನಿನ್ನ ಹೆಸರು ಇದ್ದೇ ಇರುತ್ತದೆ, ಅಪ್ಪ ಅಷ್ಟೆಲ್ಲ ಓದುವುದಿಲ್ಲ ಎಂದಳು. ಅಂಜಿನಮ್ಮ ನಂಬಿದಳು. ಮತ್ತೆ ಉಗ್ರಾಣಕ್ಕೆ ಹೋಗಿ ಕೂತಳು. ಗಂಗರತ್ನ ಮತ್ತೆ ಎಸರಿಟ್ಟುಕೊಂಡು ಕಾದಳು.

ಪ್ರದರ್ಶನಕ್ಕೆ ವಾರವಿರುವಾಗ ಕಾಂತರಾಜು ತಾನೇ ದೊಡ್ಡದೊಂದು ಫ್ಲೆಕ್ಸ್ ಹೊಡೆದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರು ಕಟ್ಟಿಸಿದ. ಅದರ ಮೇಲಿದ್ದದ್ದು ಅಮ್ಮಯಮ್ಮನ ಪಟ. ಅಮ್ಮಯಮ್ಮ ತೂಬಗೆರೆಯಾಚೆಯ ಹಳ್ಳಿಯವಳು. ಮೊದಲ ಹೆರಿಗೆಯಾದಾಗ ಅವಳ ಗಂಡ ಮಿಲಿಟರಿಯಲ್ಲಿದ್ದ. ಮಗುವಿನ ಮುಖ ನೋಡಬೇಕೆಂದು ಕಾಗದ ಬರೆದಿದ್ದ. ಆಗ ಅಂಜಿನಮ್ಮನಿಗೆ ಹೇಳಿಕಳಿಸಿದ್ದರು. ಕತ್ತಲೆ ಕೋಣೆ, ಸಾಂಬ್ರಾಣಿ ಹೊಗೆ. ತಲೆಗೆ ಬಟ್ಟೆ ಬಿಗಿದುಕೊಂಡು ಮಗುವಿಗೆ ಹಾಲೂಡಿಸುತ್ತಿದ್ದ ಹದಿಹರೆಯದ ಹುಡುಗಿ. ಅಂಜಿನಮ್ಮ ಬಾಗಿಲನ್ನು ಒಂದಿಷ್ಟು ಸರಿಸಿ ಬೆಳಕು ಬಿಟ್ಟುಕೊಂಡು, ಡಬ್ಬಿಯನ್ನು ರಾಗಿ ಪೆಟ್ಟಿಗೆಯ ಮೇಲಿಟ್ಟು, ಉಸಿರು ಹಿಡಿದುಕೋ ಎಂದು ಹೇಳಿ ಕಡ್ಡಿ ಎಳೆದಿದ್ದಳು. ಹುಡುಗಿ ಉಸಿರು ಹಿಡಿದಿದ್ದಳು. ಮಗು ಮಾತ್ರ ಕಾಲಾಡಿಸಿತ್ತು, ಪಟದಲ್ಲಿ ಆ ಕಾಲು ಹೊಗೆಯಂತೆ ಮಸುಕಾಗಿತ್ತು. ಅಂಜಿನಮ್ಮ ತೆಗೆದ ಪಟಗಳಲ್ಲೆಲ್ಲ ಅದು ಒಳ್ಳೆಯದು. ಅದು ಅವಳಿಗೂ ಗೊತ್ತಿತ್ತು. ಫ್ಲೆಕ್ಸಿನಲ್ಲಿ ಅದರ ಮೇಲೆ ಕೆಂಪು ಅಕ್ಷರದಲ್ಲಿ ಆದಿನಾರಾಯಣಪ್ಪನ ಹೆಸರಿತ್ತು.

ಪ್ರದರ್ಶನದ ದಿನ ಬೆಂಗಳೂರಿನ ಸಭಾಂಗಣದಲ್ಲಿ ಎಸಿ ತಣ್ಣಗೆ ಕೊರೆಯುತ್ತಿತ್ತು. ಅಂಜಿನಮ್ಮ ಹೊಸ ಸೀರೆಯುಟ್ಟು, ಪಟದಿಂದ ಪಟಕ್ಕೆ ಹೋಗಿ ಕೆಳಗಿನ ಚೀಟಿಗಳನ್ನು ಕೂಡಿಸಿ ಕೂಡಿಸಿ ಓದಿದಳು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಅಮ್ಮಯಮ್ಮನ ಪಟದ ಕೆಳಗೆ ಮಾತ್ರ ನಾಲ್ಕು ಸಾಲು ಹೆಚ್ಚಿತ್ತು. ಪರಪುರುಷರು ಕಾಲಿಡದ ಬಾಣಂತಿ ಕೋಣೆಯನ್ನೂ ಈ ಛಾಯಾಗ್ರಾಹಕ ಜನರ ವಿಶ್ವಾಸ ಗಳಿಸಿ ಪ್ರವೇಶಿಸಿದ ಎಂದು ಸಂಸ್ಥೆಯವರು ಬರೆದಿದ್ದರು. ಅಂಜಿನಮ್ಮ ಮೊಮ್ಮಗಳನ್ನು ಹುಡುಕಿದಳು. ಕೀರ್ತನ ದೂರದಲ್ಲಿ ಯಾರಿಗೋ ಡಬ್ಬಿ ತೋರಿಸುತ್ತ ನಿಂತಿದ್ದಳು. ಅಜ್ಜಿ ತನ್ನ ಕಡೆಗೇ ಬರುವುದನ್ನು ಕಂಡು ಆ ಜನರನ್ನು ಇನ್ನೊಂದು ಗೋಡೆಯತ್ತ ಕರೆದುಕೊಂಡು ಹೋದಳು.

ಸಂಸ್ಥೆಯ ಹೆಂಗಸು ಮೈಕಿನಲ್ಲಿ, ಛಾಯಾಗ್ರಾಹಕರ ಧರ್ಮಪತ್ನಿಯವರು ಯಜಮಾನರ ಬಗ್ಗೆ ಎರಡು ಮಾತಾಡಲಿ ಎಂದು ಕರೆದಳು. ಅಂಜಿನಮ್ಮ ಹೋಗಿ ಮೈಕು ಹಿಡಿದಳು. ಈ ಉದ್ದನೆ ಪಟಗಳಿವೆಯಲ್ಲ, ಇವನ್ನೆಲ್ಲ ನಾನು, ಎನ್ನುವಷ್ಟರಲ್ಲಿ ಕಾಂತರಾಜು ನಗುತ್ತ ಪಕ್ಕಕ್ಕೆ ಬಂದು ಮೈಕು ತೆಗೆದುಕೊಂಡ. ನಮ್ಮಮ್ಮ ಅಪ್ಪನಿಗೆ ಫಿಲ್ಮು ಸುತ್ತಿಕೊಡುತ್ತಿದ್ದರು, ಈಗಲೂ ಮೊಮ್ಮಗಳಿಗೆ ಅವರೇ ಸುತ್ತಿಕೊಡುವುದು ಎಂದ. ಜನ ಚಪ್ಪಾಳೆ ತಟ್ಟಿದರು. ಯಾರೋ ಬಂದು ಅಂಜಿನಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಮರುದಿನದಿಂದ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಕಾಂತರಾಜು ಪೇಪರಿನಲ್ಲಿ ಬಂದ ಸುದ್ದಿಯನ್ನು ತಂದು ಟೀವಿಯ ಪಕ್ಕದ ಗೋಡೆಗೆ ಅಂಟಿಸಿದ. ಪೇಪರಿನಲ್ಲೂ ಅಮ್ಮಯಮ್ಮನ ಪಟವೇ ಇತ್ತು.

ಅದಾದ ಮೂರನೆಯ ದಿನ ಅಮ್ಮಯಮ್ಮನ ಮಗ ಕೆಂಪರಾಜ್ ಬಂದ. ಪಟದಲ್ಲಿ ಕಾಲಾಡಿಸಿದ್ದ ಮಗು ಅವನೇ. ಈಗ ಜಮೀನು ವ್ಯವಹಾರ ಮಾಡಿಕೊಂಡು ಬಿಳಿ ಬಟ್ಟೆ ಹಾಕಿ ಓಡಾಡುವ ಗಂಡಸು. ಗಂಗರತ್ನ ಕೂರಲು ಹೇಳಿದಳು. ಅವನು ಕೂರಲಿಲ್ಲ.

“ಕಾಂತಣ್ಣ, ಒಂದೇ ಮಾತು ಕೇಳ್ತೀನಿ. ನಿಮ್ಮಪ್ಪ ನಮ್ಮಮ್ಮನ ಬಾಣಂತಿ ಕೋಣೆಗೆ ಹೆಂಗೆ ಬಂದ್ರು?”

ಕಾಂತರಾಜು ಏನೋ ಹೇಳಲು ಹೋದ. ಕೆಂಪರಾಜ್ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಫ್ಲೆಕ್ಸ್ ನೋಡಿ ನಗುತ್ತಿದ್ದಾರೆ, ಅಪ್ಪ ಮಿಲಿಟರಿಯಲ್ಲಿದ್ದಾಗ ಫೋಟೋದವನು ಒಳಕ್ಕೆ ಹೋಗುತ್ತಿದ್ದನಂತೆ ಎನ್ನುತ್ತಿದ್ದಾರೆ, ಹೆಂಡತಿಯ ಕಡೆಯವರು ಫೋನು ಮಾಡಿ ಕೇಳುತ್ತಿದ್ದಾರೆ ಎಂದ. ಮನೆಯಲ್ಲಿ ಅಮ್ಮ ನೀರು ಕೂಡ ಕುಡಿಯುತ್ತಿಲ್ಲ ಎಂದ.

“ನಮ್ಮಮ್ಮ ಹೇಳ್ತಾಳೆ, ತೆಗೆದಿದ್ದು ಅಂಜಿನಕ್ಕ ಅಂತ. ಅವಳ ಮಾತು ಯಾರು ಕೇಳ್ತಾರೆ? ನೀನೇ ಅಷ್ಟು ದೊಡ್ಡದಾಗಿ ಬರೆಸಿ ಕಟ್ಟಿದೀಯ. ಪೇಪರಲ್ಲೂ ಹಂಗೇ ಬಂದಿದೆ.”

ಕಾಂತರಾಜು ಅವನ ಕೈ ಹಿಡಿದುಕೊಂಡ. “ಅದು ನಮ್ಮಮ್ಮನೇ ತೆಗೆದಿದ್ದು ಕಣೋ ಕೆಂಪರಾಜ” ಎಂದ. “ದೇವ್ರಾಣೆ. ಉದ್ದನೆ ಪಟ ಎಲ್ಲಾ ಅಮ್ಮಂದೇ. ನಮ್ಮಪ್ಪ ಆ ಡಬ್ಬಿ ಮುಟ್ಟಿದೋನೇ ಅಲ್ಲ.”

ಅಂಜಿನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಗನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅದನ್ನು ನಮ್ಮ ಮನೆಯಲ್ಲಿ, ಹೆಂಡತಿಯ ಅಣ್ಣಂದಿರ ಮುಂದೆ, ಸಂಜೀವಪ್ಪನವರ ಮುಂದೆ ಬಂದು ಹೇಳಬೇಕು, ನೀನಲ್ಲ, ನಿಮ್ಮಮ್ಮ ಹೇಳಬೇಕು ಎಂದು ಕೆಂಪರಾಜ್ ಹೇಳಿ ಹೋದ.

ಅವನ ಗಾಡಿ ಹೊರಟ ಮೇಲೆ ಕಾಂತರಾಜು ತಾಯಿಯ ಹತ್ತಿರ ಬಂದ. “ಅಮ್ಮಾ, ನಾಳೆ ಬಂದು ಹೇಳ್ಬಿಡಮ್ಮ.”

“ಬೆಂಗಳೂರಲ್ಲಿ ಹೇಳಕ್ಕೆ ಹೋದಾಗ ಮೈಕು ಕಿತ್ಕೊಂಡೆ.”

“ಅದು ಬೇರೆ. ಇದು ಮಾನದ ಪ್ರಶ್ನೆ.”

“ಯಾರ ಮಾನ?”

ಗಂಗರತ್ನ ಸೌತೆಕಾಯಿ ಹೆಚ್ಚುತ್ತಿದ್ದವಳು ಗಂಡನ ಕಡೆ ಒಮ್ಮೆ ನೋಡಿ ಮತ್ತೆ ಹೆಚ್ಚತೊಡಗಿದಳು. ಬರುವುದಿಲ್ಲ ಎಂಬ ಮಾತು ಅಂಜಿನಮ್ಮನ ಬಾಯಿತನಕ ಬಂದಿತ್ತು. ನೀರು ಕುಡಿಯದೆ ಕೂತ ಅಮ್ಮಯಮ್ಮ ನೆನಪಾದಳು. ಬೆಳಿಗ್ಗೆ ಹಳೇ ಸೀರೆಯನ್ನೇ ಉಟ್ಟುಕೊಂಡು ಕಾರು ಹತ್ತಿದಳು.

ಕೆಂಪರಾಜ್‌ನ ಮನೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಗಂಡಸರು ಕೂತಿದ್ದರು. ಅಮ್ಮಯಮ್ಮ ಒಂದು ಮೂಲೆಯಲ್ಲಿ ನೆಲದ ಮೇಲೆ ಸೆರಗು ಹೊದ್ದು ಕೂತಿದ್ದಳು. ಅಂಜಿನಮ್ಮ ಹೋಗಿ ಅವಳ ಪಕ್ಕದಲ್ಲೇ ಕೂತು, ಎಲ್ಲವನ್ನೂ ಹೇಳಿದಳು. ಯಾರು ಕರೆಸಿದರು, ಡಬ್ಬಿ ಎಲ್ಲಿಟ್ಟಳು, ಬಾಗಿಲು ಎಷ್ಟು ಸರಿಸಿದಳು, ಎಲ್ಲ. ಯಾರೂ ಅವಳ ಮಾತಿಗೆ ಅಡ್ಡ ಬರಲಿಲ್ಲ. ಹೇಳಿ ಮುಗಿಸಿದಾಗ ಸಂಜೀವಪ್ಪನವರು, ಹೆಂಗಸು ತೆಗೆದದ್ದು ಎಂದ ಮೇಲೆ ಇದರಲ್ಲಿ ತಪ್ಪೇನೂ ಇಲ್ಲ, ಮಾತು ಇಲ್ಲಿಗೆ ಮುಗಿಯಲಿ ಎಂದರು. ಅಣ್ಣಂದಿರೂ ತಲೆಯಾಡಿಸಿದರು. ಅಷ್ಟು ಜನ ಒಂದೇ ಸಲ ಅವಳನ್ನು ನಂಬಿದ್ದು ಅಂಜಿನಮ್ಮನಿಗೆ ವಿಚಿತ್ರವೆನಿಸಿತು. ಹಾಗಾದರೆ ಚೀಟಿ ಬದಲಾಯಿಸಿ, ಸರಿಯಾದ ಹೆಸರು ಹಾಕಿ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಮುಖ ಮುಖ ನೋಡಿದಳು.

ಕೆಂಪರಾಜ್ ಹೇಳಿದ್ದು ಬೇರೆ. ಯಾರು ತೆಗೆದರೂ ತನ್ನ ತಾಯಿ ಎದೆ ಹಾಲು ಕೊಡುತ್ತಿರುವ ಪಟ ಊರ ಜನ ನೋಡುವುದು ಬೇಡ. ಅಲ್ಲಿಂದ ಇಳಿಸಬೇಕು, ಮೂಲವೂ ತನ್ನ ಕೈಗೆ ಬರಬೇಕು ಎಂದ. ಕಾಂತರಾಜು ತಕ್ಷಣ ಜೇಬಿಗೆ ಕೈ ಹಾಕಿ ಕಾಗದದಲ್ಲಿ ಮಡಿಸಿದ್ದ ನೆಗೆಟಿವ್ ತೆಗೆದ. ಕಂಪ್ಯೂಟರಿನಲ್ಲಿದ್ದದ್ದನ್ನೂ ಮಗಳು ಅಳಿಸಿದ್ದಾಳೆ, ಬೆಳಿಗ್ಗೆಯೇ ಪಟ ಇಳಿಸಿದ್ದಾರೆ ಎಂದ. ನೆಗೆಟಿವನ್ನು ಅವನು ಮನೆಯಿಂದಲೇ ತಂದಿದ್ದನೆಂಬುದು ಅಂಜಿನಮ್ಮನಿಗೆ ಆಗ ತಿಳಿಯಿತು.

“ಒಂದ್ಸಲ ನೋಡ್ತೀನಿ ಕೊಡೋ” ಎಂದಳು ಅಮ್ಮಯಮ್ಮ. ಆಗ ಅಚ್ಚು ಹಾಕಿದ ಒಂದೇ ಪಟ ಮಿಲಿಟರಿಗೆ ಹೋದದ್ದು ಮತ್ತೆ ಮನೆಗೆ ಬಂದಿರಲಿಲ್ಲ. ಫ್ಲೆಕ್ಸನ್ನೂ ಪೇಪರನ್ನೂ ಅವಳು ನೋಡಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಫಿಲ್ಮಿನ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಎಲ್ಲಾ ಕರಿ ಬಿಳಿ ಅದಲು ಬದಲು ಕಾಣ್ತದೆ. ಇದ್ರಲ್ಲಿ ನಾನೆಲ್ಲಿದೀನಿ ಅಂಜಿನಕ್ಕ?”

ಅಂಜಿನಮ್ಮ ಬೆರಳಿಟ್ಟು ತೋರಿಸಿದಳು. “ಇದು ನಿನ್ನ ತಲೆಗೆ ಕಟ್ಟಿದ ಬಟ್ಟೆ. ಇದು ನಿನ್ನ ಕೈ. ಇದು ಇವನು.”

“ಎಷ್ಟು ಸಣ್ಣೋನು” ಎಂದಳು ಅಮ್ಮಯಮ್ಮ.

ಕೆಂಪರಾಜ್ ತಾಯಿಯ ಕೈಯಿಂದ ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಸ್ನಾನದ ಹಂಡೆಯ ಒಲೆಗೆ ಹಾಕಿದ. ಹಿತ್ತಲ ಬಾಗಿಲು ತೆರೆದೇ ಇತ್ತು. ಫಿಲ್ಮು ಸುರುಟಿಕೊಂಡಿತು, ಕೆಟ್ಟ ವಾಸನೆ ಒಳಗಿನವರೆಗೂ ಬಂತು. ಅಷ್ಟರಲ್ಲಿ ಅವನ ಹೆಂಡತಿ ಎಲ್ಲರಿಗೂ ಕಾಫಿ ತಂದಳು. ಅಮ್ಮಯಮ್ಮ ಲೋಟ ತೆಗೆದುಕೊಂಡಳು. ಅಂಜಿನಮ್ಮ ಬೇಡವೆಂದಳು.

ವಾಪಸು ಬರುವಾಗ ಕಾಂತರಾಜು ಹಗುರಾಗಿದ್ದ. ಸದ್ಯ ದೊಡ್ಡದಾಗಲಿಲ್ಲ ಎಂದ. ಫ್ಲೆಕ್ಸನ್ನು ಹೊತ್ತಾರೆಯೇ ಬಿಚ್ಚಿಸಿದ್ದಾಗಿದೆ, ಉಳಿದ ಪಟಗಳಲ್ಲಿ ತಕರಾರು ಬರುವಂಥದ್ದು ಯಾವುದೂ ಇಲ್ಲ, ಅಪ್ಪನ ಸನ್ಮಾನ ಹಾಗೇ ನಡೆಯುತ್ತದೆ ಎಂದು ಸಂಜೀವಪ್ಪನವರು ಹೊರಡುವಾಗ ಕಿವಿಯಲ್ಲಿ ಹೇಳಿದರು ಎಂದ. ತಾಯಿಯ ಕಡೆ ತಿರುಗಿ, ಹಸಿವಾಗಿದ್ದರೆ ಎಲ್ಲಾದರೂ ಗಾಡಿ ನಿಲ್ಲಿಸಲಾ ಎಂದು ಕೇಳಿದ. ಅಷ್ಟರಲ್ಲಿ ಫೋನು ಬಂತು. ಸ್ಪೀಕರಿಗೆ ಹಾಕಿದ. ಕೀರ್ತನ.

“ಅಜ್ಜಿ ಇದಾಳಾ ಅಪ್ಪ? ಅಜ್ಜಿ, ಸಾರಿ ಅಜ್ಜಿ. ಎಲ್ಲಾ ಸರಿ ಹೋಯ್ತಂತಲ್ಲ.” ಹಾಗೆಯೇ ಮುಂದುವರಿಸಿದಳು. “ಗೋಡೆ ಮಧ್ಯದಲ್ಲಿ ಆ ಜಾಗ ಖಾಲಿ ಕಾಣ್ತಿದೆ. ಸಂಜೆ ಇನ್ನೊಂದಿಷ್ಟು ಜನ ಬರ್ತಾರೆ. ತಾತನ ಪಟದಲ್ಲಿ ಅದರಷ್ಟೇ ಚೆನ್ನಾಗಿರೋದು ಯಾವ್ದು, ನೀನೇ ಒಂದು ಆರಿಸಿ ಹೇಳ್ತೀಯಾ?”

ಕಾಂತರಾಜು ಗೇರು ಬದಲಿಸಿ ತಾಯಿಯ ಕಡೆ ನೋಡಿದ.

“ನಿಮ್ಮ ತಾತ ಎದ್ದು ಬರ್ಲಿ” ಎಂದಳು ಅಂಜಿನಮ್ಮ. “ಅವ್ರೇ ಆರಿಸಿ ಕೊಡ್ತಾರೆ.”

ಅತ್ತಲಿಂದ ಅಜ್ಜಿ, ಅಜ್ಜಿ ಎಂಬ ಸ್ವರ ಎರಡು ಸಲ ಬಂದು ನಿಂತಿತು. ಅಂಜಿನಮ್ಮ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟಳು.